ಓದುಗರ ಪ್ರಶ್ನೆ: ಹಾಲಿನ ಘಟಕದ ಹಿಂಬಾಗಿಲಿನ ನೀರು

ಪ್ರಶ್ನೆ: ಶಿರಸಿಯ ಸಮೀಪದ ಹಳ್ಳಿಯಲ್ಲಿ ನಾವು ಅಣ್ಣ-ತಮ್ಮಂದಿರು ಸೇರಿ ಚಿಕ್ಕದೊಂದು ಹಾಲಿನ ಘಟಕ ನಡೆಸುತ್ತಿದ್ದೇವೆ. ದಿನಕ್ಕೆ 500 ಲೀಟರ್ ಹಾಲು ಬರುತ್ತದೆ. ಅದರಲ್ಲಿ 200 ಲೀಟರ್ ಪನೀರಿಗೆ ಹೋಗುತ್ತದೆ, ಉಳಿದದ್ದು ಮಜ್ಜಿಗೆ ಮತ್ತು ತುಪ್ಪಕ್ಕೆ. ಪಾತ್ರೆ ತೊಳೆದ ನೀರು ಮತ್ತು ಪನೀರು ಹಿಂಡಿದ ನೀರು ಎರಡೂ ಹಿಂಬದಿಯ ಕಾಲುವೆಯಲ್ಲಿ ಹರಿದು ಕೆಳಗಿನ ಅಡಿಕೆ ತೋಟದ ಬಸಿಗಾಲುವೆಯನ್ನು ಸೇರುತ್ತವೆ. ವಾಸನೆ ತಡೆಯಲಾಗುತ್ತಿಲ್ಲವೆಂದು ತೋಟದವರು ತಕರಾರು ತೆಗೆದಿದ್ದಾರೆ. 10,000 ಲೀಟರಿನ ಸಿಮೆಂಟ್ ಟ್ಯಾಂಕ್ ಕಟ್ಟಿಸಿದರೆ ಸಾಕಾಗುತ್ತದೆಯೇ?
– ಓದುಗರು, ಶಿರಸಿ ತಾಲೂಕು

ಉತ್ತರ: ಸಾಕಾಗುವುದಿಲ್ಲ. ಒಂದು ವಾರದಲ್ಲಿ ಆ ಟ್ಯಾಂಕ್ ತುಂಬುತ್ತದೆ. ಆಮೇಲೆ ಹೊರಗೆ ಹೋಗುವ ನೀರು ಈಗಿನದಕ್ಕಿಂತಲೂ ಹೆಚ್ಚು ನಾರುತ್ತದೆ. ಟ್ಯಾಂಕಿಗೆ ಹಣ ಹಾಕುವ ಮುನ್ನ ಕಾಲುವೆಗೆ ಏನೇನು ಬೀಳುತ್ತಿದೆ ಎಂಬ ಲೆಕ್ಕವನ್ನು ನೀವು ಮಾಡಿಕೊಳ್ಳಬೇಕು.

ಕೊಳೆಯುವ ಪದಾರ್ಥವನ್ನು ಅರಗಿಸಲು ನೀರಿನಲ್ಲಿರುವ ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಪ್ರಮಾಣವನ್ನು ಬಿಒಡಿ ಎನ್ನುತ್ತಾರೆ. ಮನೆಗಳಿಂದ ಬರುವ ಚರಂಡಿ ನೀರಿನ ಬಿಒಡಿ ಲೀಟರಿಗೆ 200 ರಿಂದ 300 ಮಿಲಿಗ್ರಾಂ ಇದ್ದರೆ, ಅಪ್ಪಟ ಹಾಲಿನದು ಸುಮಾರು 1,00,000 ಮಿಲಿಗ್ರಾಂ. ಅಂದರೆ ಕೈತಪ್ಪಿ ಚೆಲ್ಲಿದ ಒಂದು ಲೀಟರ್ ಹಾಲು 100 ಗ್ರಾಂ ಆಮ್ಲಜನಕವನ್ನು ಕೇಳುತ್ತದೆ. ನಮ್ಮ ಹವೆಯಲ್ಲಿ ಒಂದು ಲೀಟರ್ ತಿಳಿನೀರಿನಲ್ಲಿ ಕರಗಿರಬಹುದಾದ ಆಮ್ಲಜನಕ 8 ಮಿಲಿಗ್ರಾಂ ಆಸುಪಾಸು ಮಾತ್ರ. ಹೀಗಾಗಿ ಆ ಒಂದು ಲೀಟರ್ ಹಾಲು ದೊಡ್ಡ ಟ್ಯಾಂಕರ್ ಲಾರಿಯೊಂದರಲ್ಲಿ ತುಂಬಿದ 12,000 ಲೀಟರ್ ನೀರಿನ ಉಸಿರನ್ನೇ ಹೀರಿಬಿಡಬಲ್ಲದು. ಹಾಲು ಅಮೃತವೆಂದು ಬೆಳೆದ ನಮಗೆ ಹಳ್ಳದ ಮೀನಿನ ಪಾಲಿಗೆ ಅದು ಬೇರೆಯೇ ಆಗಿರಬಹುದು ಎಂಬುದು ಸುಲಭವಾಗಿ ಹೊಳೆಯುವುದಿಲ್ಲ.

ನಿಮ್ಮ ಘಟಕದಲ್ಲಿ ಹೆಚ್ಚಿನ ತೊಂದರೆ ಪಾತ್ರೆ ತೊಳೆದ ನೀರಿನದಲ್ಲ, ಪನೀರು ಹಿಂಡಿದ ನೀರಿನದು, ಅಂದರೆ ಹಾಲೊಡಕಿನದು. 200 ಲೀಟರ್ ಹಾಲನ್ನು ಒಡೆಸಿದರೆ ಸುಮಾರು 165 ಲೀಟರ್ ಹಾಲೊಡಕು ಬರುತ್ತದೆ. ಹಾಲಿನ ಸಕ್ಕರೆಯ ಬಹುಪಾಲು, ಅಂದರೆ ಶೇ. 4.5 ರಿಂದ 5 ರಷ್ಟು ಲ್ಯಾಕ್ಟೋಸ್, ಅದರಲ್ಲಿಯೇ ಉಳಿದಿರುತ್ತದೆ. ಅದರ ಬಿಒಡಿ ಲೀಟರಿಗೆ 30,000 ದಿಂದ 50,000 ಮಿಲಿಗ್ರಾಂ. 35,000 ಎಂದು ಹಿಡಿದರೂ ದಿನಕ್ಕೆ ಆರು ಕಿಲೋ ಸಮೀಪದ ಹೊರೆಯಾಯಿತು. ಒಬ್ಬ ಮನುಷ್ಯನ ದಿನದ ಕೊಳೆ ಸುಮಾರು 50 ಗ್ರಾಂ ಎಂಬ ಲೆಕ್ಕದಲ್ಲಿ, ನೂರಕ್ಕೂ ಹೆಚ್ಚು ಜನರಿರುವ ಕೇರಿಯೊಂದರ ಚರಂಡಿಯನ್ನು ನೀವು ಕೆಳಗಿನ ತೋಟಕ್ಕೆ ತಿರುಗಿಸಿದಂತಾಗಿದೆ. ತೋಟದವರು ಇಷ್ಟು ದಿನ ಸುಮ್ಮನಿದ್ದದ್ದೇ ದೊಡ್ಡದು.

ಆದ್ದರಿಂದ ನಾಳೆಯಿಂದಲೇ ಮಾಡಬಹುದಾದ, ಹೆಚ್ಚು ಖರ್ಚಿಲ್ಲದ ಕೆಲಸವೆಂದರೆ ಹಾಲೊಡಕನ್ನು ಕಾಲುವೆಗೆ ಬಿಡದೆ ಬೇರೆ ಡ್ರಮ್ಮಿನಲ್ಲಿ ಹಿಡಿದಿಡುವುದು. ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮು ಸಾಕು. ಹಾಲೊಡಕಿನ ಹುಳಿ ಸಿಮೆಂಟನ್ನೂ ಸಾಮಾನ್ಯ ಕಬ್ಬಿಣವನ್ನೂ ತಿನ್ನುತ್ತದೆ. ಹಿಡಿದಿಟ್ಟದ್ದಕ್ಕೆ ಮೊದಲ ಗಿರಾಕಿ ಕೊಟ್ಟಿಗೆ. ಆಯಾ ದಿನದ ತಾಜಾ ಹಾಲೊಡಕನ್ನು ಅಕ್ಕಚ್ಚಿನೊಂದಿಗೆ ಬೆರೆಸಿದರೆ ದನಗಳು ಇಷ್ಟಪಟ್ಟು ಕುಡಿಯುತ್ತವೆ. ಒಂದು ದನಕ್ಕೆ ಎರಡು ಲೀಟರಿನಿಂದ ಆರಂಭಿಸಿ, ಸಗಣಿ ತೆಳುವಾಗದಿರುವುದನ್ನು ನೋಡಿಕೊಂಡು, ವಾರ ಹತ್ತು ದಿನಗಳಲ್ಲಿ ಹತ್ತು ಲೀಟರಿನವರೆಗೆ ಏರಿಸಬಹುದು. ಒಮ್ಮೆಲೇ ಬಕೆಟ್ಟುಗಟ್ಟಲೆ ಕುಡಿಸಿದರೆ ಸಕ್ಕರೆ ಅಂಶ ಹೊಟ್ಟೆಯಲ್ಲಿ ಹುಳಿಯೇರಿ ದನ ಮೇವು ಬಿಡುತ್ತದೆ. ಗಬ್ಬದ ದನಗಳಿದ್ದರೆ ಪಶುವೈದ್ಯರನ್ನು ಒಂದು ಮಾತು ಕೇಳಿಯೇ ಮುಂದುವರಿಯಿರಿ. ಜೊತೆಗೆ, ನಿನ್ನೆಯ ಹಾಲೊಡಕಿನಲ್ಲಿ ಸ್ವಲ್ಪ ಉಳಿಸಿ ಹುಳಿ ಬರಿಸಿದರೆ ಇಂದಿನ ಹಾಲು ಒಡೆಸಲು ಅದೇ ಒದಗುತ್ತದೆ; ಸಿಟ್ರಿಕ್ ಆಮ್ಲದ ಖರ್ಚೂ ತುಸು ತಗ್ಗುತ್ತದೆ.

ಎರಡನೆಯ ಗಿರಾಕಿ ಗೋಬರ್ ಗ್ಯಾಸ್. ದೇಶದಲ್ಲಿ ಗೋಬರ್ ಗ್ಯಾಸ್ ಚೆನ್ನಾಗಿ ಬೇರೂರಿದ ಪ್ರದೇಶಗಳ ಮಾತು ಬಂದಾಗ ಶಿರಸಿ ಸೀಮೆಯನ್ನು ನೆನೆಯುವುದುಂಟು. ನಿಮ್ಮ ಸುತ್ತಲೂ ಮನೆಗೊಂದು ಗುಂಡಿ ಇರುವುದರಿಂದ ಅದನ್ನು ಬಳಸಿಕೊಳ್ಳದಿರುವುದು ನಷ್ಟವೇ ಸರಿ. ಒಂದು ಲೀಟರ್ ಹಾಲೊಡಕಿನಿಂದ ಬರಬಹುದಾದ ಅನಿಲ ಹೆಚ್ಚುಕಡಿಮೆ ಮುಕ್ಕಾಲು ಕಿಲೋ ಹಸಿ ಸಗಣಿಯಿಂದ ಬರುವಷ್ಟಿರುತ್ತದೆ. ಆದರೆ ಸಗಣಿಗೆ ಹುಳಿಯನ್ನು ತಾಳಿಕೊಳ್ಳುವ ಗುಣವಿದೆ, ಹಾಲೊಡಕಿಗೆ ಅದಿಲ್ಲ. 50 ಕಿಲೋ ಸಗಣಿಗೆ 50 ಲೀಟರ್ ನೀರು ಕಲಸುವ ಮನೆಯ ಗುಂಡಿಯಲ್ಲಿ, ಆ ನೀರಿನ ಪೈಕಿ ಐದು ಲೀಟರಿನ ಬದಲು ಹಾಲೊಡಕನ್ನು ಹಾಕಿ ಎರಡು ವಾರ ನೋಡಿ. ಏನೂ ಏರುಪೇರಾಗದಿದ್ದರೆ ಹತ್ತು ಲೀಟರಿಗೆ ಹೋಗಿ, ಅಲ್ಲಿಗೆ ನಿಲ್ಲಿಸಿ. ಒಲೆಯ ಜ್ವಾಲೆ ಹಿಡಿಯದೆ ಆರಿಹೋಗತೊಡಗಿದರೆ, ಹೊರಬರುವ ಬಗ್ಗಡಕ್ಕೆ ಸಗಣಿಯ ವಾಸನೆಯ ಬದಲು ಹುಳಿ ವಾಸನೆ ಬಂದರೆ, ಗುಂಡಿ ಹುಳಿಯೇರಿತೆಂದು ತಿಳಿದು ಹಾಲೊಡಕನ್ನು ಪೂರ್ತಿ ನಿಲ್ಲಿಸಿ ಬರೀ ಸಗಣಿ ಹಾಕಬೇಕು. ಒಂದು ಮನೆಯ ಗುಂಡಿಗೆ ನಿಮ್ಮ 165 ಲೀಟರ್ ಜೀರ್ಣವಾಗುವುದಿಲ್ಲವಾದ್ದರಿಂದ ಕೊಟ್ಟಿಗೆಯಲ್ಲಿ ಮುಗಿದು ಮಿಕ್ಕದ್ದನ್ನಷ್ಟೇ ನಾಲ್ಕಾರು ಮನೆಗಳಿಗೆ ಹಂಚಬೇಕು. ಆ ಮನೆಗಳಲ್ಲಿ ತಕರಾರು ಮಾಡಿದ ತೋಟದವರದೂ ಒಂದಿದ್ದರೆ ಇನ್ನೂ ಒಳ್ಳೆಯದು.

ಇನ್ನು ಪಾತ್ರೆ ತೊಳೆಯುವುದು. ಕ್ಯಾನನ್ನು ಬರಿದುಮಾಡಿದ ಕೂಡಲೇ ನಲ್ಲಿಯ ಕೆಳಗೆ ಹಿಡಿಯುವ ಅಭ್ಯಾಸ ಬಹುತೇಕ ಎಲ್ಲ ಕಡೆ ಇದೆ. ಹಾಗೆ ಮಾಡದೆ ಕ್ಯಾನನ್ನು ಒಂದು ನಿಮಿಷ ಕವುಚಿ ಇಟ್ಟು, ಕೆಳಗೆ ಬೋಗುಣಿ ಹಿಡಿದು ನೋಡಿ. ಒಳಗೋಡೆಯಿಂದ ಜಾರಿ ಬಂದ ಹಾಲು ಮೊದಲು ಎಳೆಯಾಗಿ, ಆಮೇಲೆ ಹನಿಹನಿಯಾಗಿ ಇಳಿದು ಬೋಗುಣಿಯ ತಳ ಮುಚ್ಚುತ್ತದೆ. ಅನಂತರ ಅರ್ಧ ಲೀಟರ್ ನೀರು ಹಾಕಿ ಕುಲುಕಿ, ಆ ಬಿಳಿನೀರನ್ನೂ ಹಾಲೊಡಕಿನ ಡ್ರಮ್ಮಿಗೇ ಸುರಿಯಬೇಕು. ಆಮೇಲೆ ಸೋಡಾ, ಬಿಸಿನೀರು, ಉಜ್ಜುವುದು ಎಲ್ಲ. ತುಪ್ಪ ಕಾಸಿದ ಪಾತ್ರೆಯ ಗಸಿಯನ್ನು ಸೌಟಿನಿಂದ ಕೆರೆದು ತೆಗೆದು, ಜಿಡ್ಡನ್ನು ಒಣ ಬಟ್ಟೆಯಿಂದ ಒರೆಸಿದ ನಂತರವೇ ತೊಳೆಯಬೇಕು. ಸೋಡಾ ನೀರನ್ನಾಗಲಿ ಬ್ಲೀಚಿಂಗ್ ನೀರನ್ನಾಗಲಿ ಗೋಬರ್ ಗ್ಯಾಸಿಗೆ ಎಂದೂ ಬಿಡಬಾರದು. ಅಲ್ಲಿ ಕೆಲಸ ಮಾಡುವ ಜೀವಿಗಳು ಅದರಿಂದ ಸಾಯುತ್ತವೆ.

ಇಷ್ಟಾದ ಮೇಲೆ ಉಳಿಯುವುದು ದಿನಕ್ಕೆ 1,000 ದಿಂದ 1,500 ಲೀಟರ್ ತೊಳೆದ ನೀರು. ಪರಿಸರ ಸಂರಕ್ಷಣಾ ನಿಯಮಗಳು ಒಂದು ಲೀಟರ್ ಹಾಲಿಗೆ ಮೂರು ಲೀಟರಿಗಿಂತ ಹೆಚ್ಚು ತ್ಯಾಜ್ಯನೀರು ಆಗಬಾರದೆನ್ನುತ್ತವೆ. ನೀವು ಅದರೊಳಗೇ ಇರುತ್ತೀರಿ. ಈ ನೀರಿಗೆ ಮೊದಲು ಜಿಡ್ಡು ಹಿಡಿಯುವ ತೊಟ್ಟಿ ಬೇಕು. ನೀರು ಒಳಗೆ ಬರುವ ಪೈಪು ಕೆಳಮುಖವಾಗಿರಬೇಕು. ಹೊರಗೆ ಹೋಗುವ ಪೈಪು ಟೀ ಆಕಾರದಲ್ಲಿದ್ದು ತೊಟ್ಟಿಯ ನಡುಮಟ್ಟದ ಕೆಳಗಿನಿಂದ ನೀರೆಳೆಯಬೇಕು, ಆಗ ಮೇಲೆ ತೇಲುವ ಜಿಡ್ಡು ಅಲ್ಲೇ ನಿಲ್ಲುತ್ತದೆ. ಕುದಿಯುವ ನೀರನ್ನು ನೇರವಾಗಿ ಬಿಟ್ಟರೆ ಜಿಡ್ಡು ಕರಗಿ ಮುಂದೆ ಹೋಗಿಬಿಡುತ್ತದೆಯಾದ್ದರಿಂದ ತೊಟ್ಟಿ ನೆರಳಿನಲ್ಲಿರಬೇಕು, ನೀರು ಆರಿರಬೇಕು. ವಾರಕ್ಕೊಮ್ಮೆ ಜಿಡ್ಡು ತೆಗೆದು ಒಣ ದರಕಿನೊಂದಿಗೆ ಗೊಬ್ಬರದ ಗುಂಡಿಗೆ ಹಾಕಬಹುದು. ಅದರ ಮುಂದೆ ಒಂದು ದಿನದ ನೀರು ಹಿಡಿಯುವ ಸಮತೋಲನ ತೊಟ್ಟಿ, ಆಮೇಲೆ ಗಾಳಿಯಾಡದ ಮೂರು ನಾಲ್ಕು ಕೋಣೆಗಳ ಮುಚ್ಚಿದ ತೊಟ್ಟಿ, ಕೊನೆಗೆ ಜಲ್ಲಿಕಲ್ಲು ತುಂಬಿ ಕಾಬಾಳೆಯಂಥ ಗಿಡ ನೆಟ್ಟ ಹಾಸು. ಹಾಲೊಡಕು ಸೇರದ ನೀರಿನ ಬಿಒಡಿ 1,000 ಮಿಲಿಗ್ರಾಂ ಆಸುಪಾಸಿಗೆ ಇಳಿದರೆ, ಮುಚ್ಚಿದ ತೊಟ್ಟಿಯಲ್ಲಿ ಅದರ ಮೂರನೆಯ ಎರಡು ಭಾಗ ಕರಗುತ್ತದೆಂದು ಲೆಕ್ಕ ಹಾಕಿದರೆ, ಹಾಸಿಗೆ ಬೇಕಾಗುವುದು ನಲವತ್ತು ಚದರ ಮೀಟರ್, ಅಂದರೆ ಅರ್ಧ ಗುಂಟೆಯೊಳಗೆ. ನೀವು ಮನಸ್ಸಿನಲ್ಲಿಟ್ಟುಕೊಂಡ ಟ್ಯಾಂಕಿನ ಹಣವನ್ನು ಇದಕ್ಕೆ ಹಾಕುವುದು ಲೇಸು.

ಪ್ರಶ್ನೆ: ಘಟಕದಿಂದ ಬಿಳಿಯಾಗಿ ಹೊರಟ ನೀರು ನಾಲ್ಕು ಮಾರು ದೂರ ಹೋಗುವಷ್ಟರಲ್ಲಿ ಕಪ್ಪಾಗಿ, ಕೊಳೆತ ಮೊಟ್ಟೆಯಂತೆ ನಾರುವುದೇಕೆ?
– ಓದುಗರು, ಸಿದ್ದಾಪುರ

ಉತ್ತರ: ಹಾಲಿನ ಸಕ್ಕರೆಯನ್ನು ಸೂಕ್ಷ್ಮಜೀವಿಗಳು ಲ್ಯಾಕ್ಟಿಕ್ ಆಮ್ಲವಾಗಿ ಪರಿವರ್ತಿಸುವುದರಿಂದ ನೀರು ಮೊದಲು ಹುಳಿಯಾಗುತ್ತದೆ. ಕರಗಿದ ಆಮ್ಲಜನಕ ಮುಗಿದ ಬಳಿಕ ಗಾಳಿ ಬೇಡದ ಜೀವಿಗಳು ತಲೆಯೆತ್ತಿ, ಹಾಲಿನ ಪ್ರೋಟೀನಿನಲ್ಲಿರುವ ಗಂಧಕದಿಂದ ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಬಿಡುತ್ತವೆ. ಮೊಟ್ಟೆಯ ವಾಸನೆ ಅದರದು. ನಮ್ಮದು ಕಬ್ಬಿಣ ತುಂಬಿದ ಜಂಬಿಟ್ಟಿಗೆಯ ಕೆಂಪು ನೆಲವಾದ್ದರಿಂದ ಆ ಅನಿಲ ಕಬ್ಬಿಣದೊಂದಿಗೆ ಕೂಡಿ ಕಪ್ಪು ಸಲ್ಫೈಡ್ ಆಗುತ್ತದೆ. ಕಾಲುವೆಯ ಕಪ್ಪು ಕೆಸರನ್ನು ಕೋಲಿನ ತುದಿಯಲ್ಲಿ ತೆಗೆದು ಕಲ್ಲಿನ ಮೇಲೆ ತೆಳ್ಳಗೆ ಹರಡಿ ಬಿಸಿಲಿಗಿಡಿ; ಗಾಳಿ ತಾಗಿದಂತೆ ಕಪ್ಪು ಕಳೆದು ಮತ್ತೆ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗುವುದನ್ನು ಕಣ್ಣಾರೆ ನೋಡಬಹುದು. ಮುಚ್ಚಿದ ಗುಂಡಿಯಲ್ಲಿ ಈ ಅನಿಲ ಸೇರಿಕೊಂಡರೆ ಪ್ರಾಣಕ್ಕೇ ಅಪಾಯ. ಹೆಚ್ಚಿದ್ದಾಗ ಮೂಗು ಅದರ ವಾಸನೆಯನ್ನು ಗುರುತಿಸುವುದನ್ನೇ ನಿಲ್ಲಿಸುತ್ತದೆಯಾದ್ದರಿಂದ, ವಾಸನೆ ಇಲ್ಲವೆಂಬ ಧೈರ್ಯದ ಮೇಲೆ ಯಾರನ್ನೂ ತೊಟ್ಟಿಗೆ ಇಳಿಸಕೂಡದು.

ಪ್ರಶ್ನೆ: ಕುಮಟಾದ ಬಳಿ ನಮ್ಮದು ಐಸ್‌ಕ್ರೀಂ ಮತ್ತು ಲಸ್ಸಿ ತಯಾರಿಸುವ ಪುಟ್ಟ ಉದ್ಯಮ. ಹೊಯ್ಗೆ ನೆಲವಾದ್ದರಿಂದ ಇಂಗುಗುಂಡಿ ತೋಡಿದ್ದೇವೆ. ಎಷ್ಟು ನೀರು ಬಿಟ್ಟರೂ ಕುಡಿದುಬಿಡುತ್ತದೆ. ಹತ್ತು ಮೀಟರ್ ದೂರದಲ್ಲಿ ಮನೆಯ ಬಾವಿ ಇದೆ. ತೊಂದರೆಯೇನಾದರೂ ಉಂಟೇ?
– ಓದುಗರು, ಕುಮಟಾ

ಉತ್ತರ: ಗುಂಡಿ ಕುಡಿದದ್ದನ್ನು ಬಾವಿ ಕೊಡುತ್ತದೆ. ಕರಾವಳಿಯ ಹೊಯ್ಗೆಯಲ್ಲಿ ಮಳೆಗಾಲದ ಅಂತರ್ಜಲ ನೆಲದಿಂದ ಕೈಗೆಟುಕುವಷ್ಟು ಆಳದಲ್ಲಿರುತ್ತದೆ. ಒರಟು ಮರಳು ಕಸವನ್ನು ಸೋಸಬಹುದು, ಆದರೆ ಕರಗಿದ ಸಕ್ಕರೆಯನ್ನಾಗಲಿ ಸಾರಜನಕವನ್ನಾಗಲಿ ತಡೆದು ನಿಲ್ಲಿಸಲಾರದು. ನೆಲದೊಳಗೆ ಆಮ್ಲಜನಕ ಮುಗಿದಾಗ ಮಣ್ಣಿನ ಕಬ್ಬಿಣ ಕರಗಿ ಬಾವಿನೀರು ಹಳದಿಯಾಗುತ್ತದೆ, ತುಕ್ಕಿನ ರುಚಿ ಬರುತ್ತದೆ. ಪ್ರೋಟೀನಿನ ಸಾರಜನಕ ಕಡೆಗೆ ನೈಟ್ರೇಟ್ ರೂಪದಲ್ಲಿ ಬಾವಿ ಸೇರಬಹುದು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂಬ ಮಿತಿ ಇದೆ, ಮತ್ತು ಇದು ಹಸುಗೂಸುಗಳ ವಿಷಯದಲ್ಲಿ ಬಹಳ ಮುಖ್ಯ. ಬಾವಿನೀರನ್ನು ಒಮ್ಮೆ ಈಗ, ಇನ್ನೊಮ್ಮೆ ಶ್ರಾವಣದಲ್ಲಿ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಕಾಯದೆ ಇಂಗುಗುಂಡಿಯನ್ನು ಮುಚ್ಚಿ, ಮೇಲಿನ ಉತ್ತರದಲ್ಲಿ ಹೇಳಿದ ತೊಟ್ಟಿಗಳನ್ನು ನೆಲದ ಮಟ್ಟಕ್ಕಿಂತ ಮೇಲೆ, ನೀರು ಸೋರದಂತೆ ಕಟ್ಟಿಸಿ. ಸಮುದ್ರದ ಉಪ್ಪು ಸೇರಿದ ಬಾವಿನೀರನ್ನು ತೊಳೆಯಲು ಬಳಸುತ್ತಿದ್ದರೆ ಅದರ ಸಲ್ಫೇಟ್‌ನಿಂದ ಮುಚ್ಚಿದ ತೊಟ್ಟಿಯಲ್ಲಿ ಮೊಟ್ಟೆ ವಾಸನೆ ಹೆಚ್ಚುತ್ತದೆಂಬುದೂ ನೆನಪಿರಲಿ.

ನೀರನ್ನು ಅಳಿವೆಗೆ ಬಿಟ್ಟರಾಗದೇ ಎಂದು ನಿಮ್ಮ ಪತ್ರದ ಅಡಿಯಲ್ಲಿ ಕೇಳಿದ್ದೀರಿ. ಬಿಡಬಾರದು. ಅಘನಾಶಿನಿಯ ಅಳಿವೆ 2024 ರಲ್ಲಿ ರಾಮ್ಸರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿದೆ ಎಂಬುದು ಒಂದು ಕಾರಣ. ಅದಕ್ಕಿಂತ ಹತ್ತಿರದ ಕಾರಣವೆಂದರೆ ಅಲ್ಲಿಯ ಬೆಳಚನ್ನು ಹೆಕ್ಕಿ ಬದುಕುವ ಸಂಸಾರಗಳು. ಚಿಪ್ಪಿನ ಜೀವಿಗಳು ನೀರನ್ನು ಸೋಸಿ ತಿನ್ನುವುದರಿಂದ ನೀರಿನಲ್ಲಿರುವುದೆಲ್ಲ ಅವುಗಳ ಮೈ ಸೇರುತ್ತದೆ. ಉಪ್ಪುನೀರಿನಲ್ಲಿ ಸಿಹಿನೀರಿಗಿಂತ ಕಡಿಮೆ ಆಮ್ಲಜನಕ ಕರಗುವುದರಿಂದ, ಹಳ್ಳ ತಾಳಿಕೊಂಡದ್ದನ್ನು ಅಳಿವೆಯೂ ತಾಳಿಕೊಳ್ಳುತ್ತದೆಂದು ಹೇಳಲಾಗದು.

ಪ್ರಶ್ನೆ: ನಾನು ಘಟ್ಟದ ಮೇಲಿನ ಹಾಲು ಶೀತಲೀಕರಣ ಕೇಂದ್ರವೊಂದರ ನೀರು ಶುದ್ಧೀಕರಣ ವಿಭಾಗದಲ್ಲಿದ್ದೇನೆ. ದಿನಕ್ಕೆ 20,000 ಲೀಟರ್ ಹಾಲು, 40,000 ಲೀಟರ್ ತ್ಯಾಜ್ಯನೀರು. ಒಳಬರುವ ನೀರಿನ ಬಿಒಡಿ 1,000 ಇದೆ. ಜೂನ್ ಬಂತೆಂದರೆ ಗಾಳಿ ತೊಟ್ಟಿಯ (ಗಾಳಿ ಊದಿ ಸೂಕ್ಷ್ಮಜೀವಿಗಳಿಂದ ಕೊಳೆ ತಿನ್ನಿಸುವ ತೊಟ್ಟಿ) ಕೆಸರು ತಳಕ್ಕಿಳಿಯದೆ ನೀರಿನೊಂದಿಗೆ ತೇಲಿಹೋಗುತ್ತದೆ, ಕೆಸರು ಒಣಗಿಸುವ ಹಾಸುಗಳು ನೆನೆದು ತುಂಬಿಕೊಳ್ಳುತ್ತವೆ. ಏನು ಮಾಡಬೇಕು?
– ಓದುಗರು, ಯಲ್ಲಾಪುರ

ಉತ್ತರ: ನಿಮ್ಮ ಅಂಕಿಗಳನ್ನು ಬೇರೊಂದು ರೀತಿಯಲ್ಲಿ ಓದೋಣ. 40,000 ಲೀಟರಿಗೆ 1,000 ಮಿಲಿಗ್ರಾಂ ಎಂದರೆ ದಿನಕ್ಕೆ 40 ಕಿಲೋ ಬಿಒಡಿ. ಹಾಲಿನ ಲೆಕ್ಕದಲ್ಲಿ ಹೇಳುವುದಾದರೆ ದಿನವೂ 400 ಲೀಟರ್ ಹಾಲು. ಬಂದ ಹಾಲಿನ ಶೇ. 2 ಮೋರಿಯಲ್ಲಿ ಹೋಗುತ್ತಿದೆ. ಪ್ರಯೋಗಾಲಯದ ವರದಿಯನ್ನು ಶುದ್ಧೀಕರಣ ವಿಭಾಗದ ಕಡತದಲ್ಲಿಡುವ ಬದಲು ಹಾಲು ಇಳಿಸಿಕೊಳ್ಳುವ ವಿಭಾಗದ ಗೋಡೆಗೆ ಅಂಟಿಸಬೇಕೆಂದು ನಾನು ಎಷ್ಟೋ ಕಡೆ ಹೇಳಿದ್ದೇನೆ; ಕೇಳಿದವರು ಕಡಿಮೆ. ಟ್ಯಾಂಕರಿನ ಹೋಸ್ ಬಿಚ್ಚಿದಾಗ ನೆಲಕ್ಕೆ ಬೀಳುವ ಹಾಲು, ಸೋರುವ ಪಂಪಿನ ಸೀಲು, ಪೈಪಿನಲ್ಲಿ ನಿಂತ ಹಾಲನ್ನು ನೀರಿನಿಂದ ತಳ್ಳುವಾಗ ಬೇಗನೆ ಮೋರಿಗೆ ತಿರುಗಿಸುವ ಕವಾಟ, ಈ ಮೂರನ್ನು ಮೊದಲು ನೋಡಿ. ಹಿಂದೆ ನಾನಿದ್ದ ಘಟಕವೊಂದರಲ್ಲಿ ರಾತ್ರಿಪಾಳಿಯಲ್ಲಿ ದೊಡ್ಡ ಹಾಲಿನ ಟ್ಯಾಂಕಿನ ತಳದ ಕವಾಟವನ್ನು ಪೂರ್ತಿ ಮುಚ್ಚದೆ ಬಿಟ್ಟಿದ್ದರು. ಬೆಳಿಗ್ಗೆ ಗಾಳಿ ತೊಟ್ಟಿಯ ಮೇಲೆ ಮೊಣಕಾಲುದ್ದದ ನೊರೆ ನಿಂತಿತ್ತು. ಯಾರೂ ಒಪ್ಪಿಕೊಳ್ಳಲಿಲ್ಲ, ಕಡೆಗೆ ಬೈಗುಳ ಬಂದದ್ದು ನೀರಿನ ವಿಭಾಗದವನಾದ ನನಗೆ. ತೊಟ್ಟಿ ಮೊದಲಿನ ಸ್ಥಿತಿಗೆ ಬರಲು ಮೂರು ವಾರ ಹಿಡಿಯಿತು.

ಕೆಸರು ತಳಕ್ಕಿಳಿಯದಿರುವುದಕ್ಕೆ ಸಾಮಾನ್ಯ ಕಾರಣ ನೂಲಿನಂತೆ ಬೆಳೆಯುವ ಸೂಕ್ಷ್ಮಜೀವಿಗಳು. ಗಾಳಿ ತೊಟ್ಟಿಯ ನೀರನ್ನು ಒಂದು ಲೀಟರಿನ ಅಳತೆಜಾಡಿಯಲ್ಲಿ ತುಂಬಿ ಅರ್ಧ ಗಂಟೆ ಅಲುಗಿಸದೆ ಇಡಿ. ಆರೋಗ್ಯವಂತ ಕೆಸರು ಹರಳುಗಟ್ಟಿದಂತೆ ಇಳಿದು ಮೇಲೆ ತಿಳಿನೀರು ಬಿಡುತ್ತದೆ. ನೂಲುಗಟ್ಟಿದ ಕೆಸರು ಬಿಡಿಸಿದ ಹತ್ತಿಯಂತೆ ಜಾಡಿಯ ಮುಕ್ಕಾಲು ಭಾಗದಲ್ಲಿ ತೂಗಾಡುತ್ತ ನಿಲ್ಲುತ್ತದೆ. ಕರಗಿದ ಸಕ್ಕರೆ ಹೆಚ್ಚಾಗಿ ಗಾಳಿಯೋ ಸಾರಜನಕವೋ ಸಾಲದಾದಾಗ ಈ ಜೀವಿಗಳ ಕೈ ಮೇಲಾಗುತ್ತದೆ. ಮಳೆಗಾಲದಲ್ಲಿ ಗಾಳಿಯ ಕೊರತೆಗೆ ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ: ಮರ ಬಿದ್ದು ತಂತಿ ಹರಿದು ಗಂಟೆಗಟ್ಟಲೆ ಕರೆಂಟು ಇರುವುದಿಲ್ಲ. ಜನರೇಟರಿನ ಸಂಪರ್ಕ ಶೀತಲ ಯಂತ್ರಗಳಿಗೆ ಇರುತ್ತದೆ, ಗಾಳಿ ಪಂಪಿಗೆ ಇರುವುದಿಲ್ಲ. ಒಂದು ಪಂಪನ್ನಾದರೂ ಅದಕ್ಕೆ ಜೋಡಿಸಿ, ಕರಗಿದ ಆಮ್ಲಜನಕ 2 ಮಿಲಿಗ್ರಾಂಗಿಂತ ಇಳಿಯದಂತೆ ನೋಡಿಕೊಳ್ಳಿ. ನೂರು ಪಾಲು ಬಿಒಡಿಗೆ ಐದು ಪಾಲು ಸಾರಜನಕ, ಒಂದು ಪಾಲು ರಂಜಕ ಇರಬೇಕೆಂಬುದು ರೂಢಿಯ ಲೆಕ್ಕ. ನಿಮ್ಮಲ್ಲಿ ಬರುವುದು ಹಾಲೇ ಆಗಿರುವುದರಿಂದ ಸಾರಜನಕದ ಕೊರತೆ ಇರಲಾರದು, ಪರೀಕ್ಷಿಸದೆ ಯೂರಿಯಾ ಸುರಿಯಬೇಡಿ.

ಒಣಗಿಸುವ ಹಾಸಿಗೆ ಪಾರದರ್ಶಕ ಶೀಟಿನ ಮಾಡು ಹಾಕಿಸಿ, ಬದಿಗಳನ್ನು ಗಾಳಿಗೆ ತೆರೆದಿಡಿ. ಮಾಡಿನ ನೀರು ಹಾಗೂ ಅಂಗಳದ ನೀರು ತ್ಯಾಜ್ಯದ ಮೋರಿಗೆ ಬೀಳದಂತೆ ಬೇರೆ ಕಾಲುವೆ ಮಾಡಿಸಿ. ನೂರು ಚದರ ಮೀಟರ್ ಅಂಗಳದ ಮೇಲೆ ಒಂದೇ ದಿನ 100 ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್ ನೀರಾಗುತ್ತದೆ. ಅದು ತೊಟ್ಟಿಗೆ ನುಗ್ಗಿದರೆ ಎಂಥ ಕೆಸರೂ ನಿಲ್ಲಲಾರದು.

ಪ್ರಶ್ನೆ: ಚಿಕ್ಕ ಘಟಕಗಳಿಗೂ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕೇ? ಮಿತಿಗಳೇನು?
– ಓದುಗರು, ಅಂಕೋಲಾ

ಉತ್ತರ: 1974 ರ ಜಲ ಕಾಯ್ದೆಯಡಿ ಉದ್ಯಮದ ತ್ಯಾಜ್ಯನೀರನ್ನು ಹೊರಬಿಡಲು ರಾಜ್ಯ ಮಂಡಳಿಯ ಒಪ್ಪಿಗೆ ಬೇಕು, ಕಾರವಾರದಲ್ಲಿರುವ ಕಚೇರಿಯಲ್ಲಿ ನಿಮ್ಮ ಗಾತ್ರದ ಘಟಕಕ್ಕೆ ಯಾವ ವರ್ಗ ಅನ್ವಯಿಸುತ್ತದೆಂದು ಬರಹದಲ್ಲಿ ಕೇಳಿಕೊಳ್ಳಿ. ಹಾಲಿನ ಉದ್ಯಮಕ್ಕೆ ನಿಯಮಗಳಲ್ಲಿರುವ ಮಿತಿಗಳು ಹೀಗಿವೆ: ಪಿಎಚ್ 6.5 ರಿಂದ 8.5, ಬಿಒಡಿ ಲೀಟರಿಗೆ 100 ಮಿಲಿಗ್ರಾಂ, ತೇಲುವ ಘನಕಣ 150, ಎಣ್ಣೆ ಮತ್ತು ಜಿಡ್ಡು 10. ನೀರು ಸೇರುವ ಹೊಳೆ ಕುಡಿಯುವ ನೀರಿನ ಮೂಲವಾಗಿದ್ದರೆ ಬಿಒಡಿಯನ್ನು 30 ಕ್ಕೆ ಇಳಿಸುವಂತೆ ಹೇಳಬಹುದು. ಈ ಬಿಒಡಿಯನ್ನು ನಮ್ಮಲ್ಲಿ ಅಳೆಯುವುದು 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು. ಹಳೆಯ ಪುಸ್ತಕಗಳ 20 ಡಿಗ್ರಿ, ಐದು ದಿನದ ಪದ್ಧತಿ ಚಳಿ ದೇಶಗಳದು.

ಪ್ರಶ್ನೆ: ಶುದ್ಧೀಕರಿಸಿದ ನೀರನ್ನು ಅಡಿಕೆ ತೋಟಕ್ಕೆ ಬಿಡಬಹುದೇ?
– ಓದುಗರು, ಹೊನ್ನಾವರ

ಉತ್ತರ: ಬೇಸಿಗೆಯಲ್ಲಿ ಬಿಡಬಹುದು, ಎರಡು ಎಚ್ಚರಿಕೆಗಳೊಂದಿಗೆ. ಯಂತ್ರಗಳನ್ನು ಕಾಸ್ಟಿಕ್ ಸೋಡಾದಿಂದ ತೊಳೆಯುವ ಕಡೆ ನೀರಿನಲ್ಲಿ ಸೋಡಿಯಂ ಉಳಿದಿರುತ್ತದೆ, ಅದನ್ನು ಯಾವ ಸೂಕ್ಷ್ಮಜೀವಿಯೂ ತಿನ್ನುವುದಿಲ್ಲ. ವರ್ಷಗಟ್ಟಲೆ ಬಿಟ್ಟರೆ ಮಣ್ಣು ಗಟ್ಟಿಯಾಗಿ ನೀರು ಇಂಗುವುದು ಕಡಿಮೆಯಾಗುತ್ತದೆ. ಆದ್ದರಿಂದ ಒಂದೇ ಸಾಲಿಗೆ ಬಿಡದೆ ಸರದಿಯಲ್ಲಿ ಬಿಡಿ, ವರ್ಷಕ್ಕೊಮ್ಮೆ ಮಣ್ಣು ಪರೀಕ್ಷೆ ಮಾಡಿಸಿ. ಎರಡನೆಯದಾಗಿ, ಜಿಡ್ಡು ಉಳಿದ ನೀರು ಮಣ್ಣಿನ ರಂಧ್ರಗಳನ್ನು ಮುಚ್ಚಿ ಬೇರಿನ ಉಸಿರು ಕಟ್ಟಿಸುತ್ತದೆ. ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಮೇಲೆ ಕೆನೆಯಂಥ ಪೊರೆ ಕಂಡರೆ ಅಂದು ತೋಟಕ್ಕೆ ಬಿಡದೆ ಜಿಡ್ಡಿನ ತೊಟ್ಟಿಯ ಮುಚ್ಚಳ ತೆಗೆದು ನೋಡಿ. ಮಳೆಗಾಲದಲ್ಲಿ ಬಸಿಗಾಲುವೆಗಳೇ ತುಂಬಿ ಹರಿಯುವ ತೋಟಕ್ಕೆ ಈ ನೀರು ಬೇಡ.